ಕೀಮೋ ಬೇಕೋ, ಟಾರ್ಗೆಟೆಡ್ ಥೆರಪಿ ಬೇಕೋ: ಬಯಾಪ್ಸಿ ರಿಪೋರ್ಟ್ ಎದುರಿಗಿಟ್ಟುಕೊಂಡು ಓದುವ ಮಾರ್ಗದರ್ಶಿ

ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ಮೊದಲ ವಾರದಲ್ಲೇ ಕೇಳಿಬರುವ ಮಾತು ಇದು: "ಕೀಮೋ ಬೇಡ, ಕೂದಲು ಉದುರದ ಹೊಸ ಮಾತ್ರೆ ಇದೆಯಂತಲ್ಲ, ಅದನ್ನೇ ಕೊಡಿಸೋಣ." ಹೀಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಇದಕ್ಕೆ ಉತ್ತರ ಸಿಗುವುದು ಔಷಧಿ ಎಷ್ಟು ಹೊಸದು, ಎಷ್ಟು ದುಬಾರಿ ಎಂಬುದರಿಂದಲ್ಲ. ಆ ಔಷಧಿ ಹುಡುಕಿಕೊಂಡು ಹೋಗುವ ಗುರಿ ಈ ರೋಗಿಯ ಗಡ್ಡೆಯಲ್ಲಿ ಇದೆಯೇ? ಮೊದಲು ತಿಳಿಯಬೇಕಾದದ್ದು ಇಷ್ಟೇ.

ಗುರಿ ಇಲ್ಲದವರಿಗೆ ಟಾರ್ಗೆಟೆಡ್ ಔಷಧಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು 2009ರಲ್ಲಿ ಪ್ರಕಟವಾದ ಐಪಾಸ್ ಅಧ್ಯಯನ ಸ್ಪಷ್ಟವಾಗಿ ತೋರಿಸಿತು. ಪೂರ್ವ ಏಷ್ಯಾದ 1,217 ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಜೆಫಿಟಿನಿಬ್ ಮಾತ್ರೆ, ಉಳಿದವರಿಗೆ ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ ಕೊಟ್ಟರು. ಗಡ್ಡೆಯಲ್ಲಿ ಇಜಿಎಫ್‌ಆರ್ ಮ್ಯುಟೇಶನ್ (ಕೋಶಕ್ಕೆ ಬೆಳೆಯಲು ಹೇಳುವ ಇಜಿಎಫ್‌ಆರ್ ಜೀನ್‌ನಲ್ಲಾದ ಬದಲಾವಣೆ; ಈ ಮಾತ್ರೆಯ ಗುರಿ ಇದೇ) ಇದ್ದವರಲ್ಲಿ ಮಾತ್ರೆ ನುಂಗಿದ ನೂರಕ್ಕೆ 71 ಜನರ ಗಡ್ಡೆ ಕುಗ್ಗಿತು; ಕೀಮೋದಲ್ಲಿ 47. ಮ್ಯುಟೇಶನ್ ಇಲ್ಲದವರಲ್ಲಿ ಕಥೆ ತಲೆಕೆಳಗಾಯಿತು. ಮಾತ್ರೆಯಿಂದ ನೂರಕ್ಕೆ ಒಬ್ಬರಿಗಷ್ಟೇ ಗಡ್ಡೆ ಕುಗ್ಗಿದರೆ, ಕೀಮೋದಿಂದ 23ಕ್ಕೂ ಹೆಚ್ಚು ಜನರಿಗೆ ಕುಗ್ಗಿತು. ರೋಗ ಮತ್ತೆ ಬೆಳೆಯುವ ತನಕದ ಮಧ್ಯಮ ಅವಧಿ ಮಾತ್ರೆಯವರಲ್ಲಿ ಒಂದೂವರೆ ತಿಂಗಳು, ಕೀಮೋದವರಲ್ಲಿ ಐದೂವರೆ ತಿಂಗಳು. ಅದೇ ಮಾತ್ರೆ, ಅದೇ ಕಾಯಿಲೆ, ಅದೇ ಸ್ಟೇಜ್. ರಿಪೋರ್ಟ್‌ನ ಒಂದು ಸಾಲು ಬೇರೆಯಾದದ್ದಕ್ಕೆ ಫಲ ಪೂರ್ತಿ ಉಲ್ಟಾ ಆಯಿತು.

ಹಾಗಾಗಿ "ಟೆಸ್ಟ್ ಆಮೇಲೆ ಮಾಡಿಸೋಣ, ಮೊದಲು ಮಾತ್ರೆ ಶುರು ಮಾಡಿಬಿಡೋಣ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೈಗೆ ಸಿಗುವ ಒಳ್ಳೆಯ ಕೆಲವು ತಿಂಗಳುಗಳನ್ನು ಆ ಅವಸರ ಕಸಿದುಕೊಳ್ಳುತ್ತದೆ.

ಎರಡೂ ಕೆಲಸ ಮಾಡುವ ಬಗೆ

ಕೀಮೋ ಔಷಧಿಗೆ ಕ್ಯಾನ್ಸರ್ ಕೋಶದ ಗುರುತು ಇಲ್ಲ. ಅದು ಹಿಡಿಯುವುದು ವೇಗವಾಗಿ ವಿಭಜನೆಯಾಗುವ ಕೋಶವನ್ನು. ಸಿಸ್ಪ್ಲಾಟಿನ್ ಡಿಎನ್‌ಎ ಎಳೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್, ಕೋಶ ಎರಡಾಗುವಾಗ ವರ್ಣತಂತುಗಳನ್ನು ಎಳೆದೊಯ್ಯುವ ಸೂಕ್ಷ್ಮ ನಾಳಗಳನ್ನು ಅಲುಗಾಡದಂತೆ ಮಾಡುತ್ತದೆ. ಮೆಥೊಟ್ರೆಕ್ಸೇಟ್ ಡಿಎನ್‌ಎ ಕಟ್ಟಲು ಬೇಕಾದ ಸಾಮಗ್ರಿ ಸಿಗದಂತೆ ತಡೆಯುತ್ತದೆ. ಮೆಥೊಟ್ರೆಕ್ಸೇಟ್‌ನ ಹತ್ತಿರದ ಬಂಧುವಾದ ಅಮಿನೊಪ್ಟೆರಿನ್‌ನಿಂದ ಮಕ್ಕಳ ರಕ್ತ ಕ್ಯಾನ್ಸರ್ ತಾತ್ಕಾಲಿಕವಾಗಿ ಹಿಮ್ಮೆಟ್ಟಿತೆಂದು ಬಾಸ್ಟನ್‌ನ ಸಿಡ್ನಿ ಫಾರ್ಬರ್ 1948ರಲ್ಲಿ ವರದಿ ಮಾಡಿದರು. ಆ ಔಷಧಿ ತಯಾರಾದದ್ದು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಮುನ್ನಡೆಸುತ್ತಿದ್ದ ಲೆಡರ್ಲಿ ಪ್ರಯೋಗಾಲಯದಲ್ಲಿ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅವರಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು.

ನಮ್ಮ ದೇಹದಲ್ಲೂ ವೇಗವಾಗಿ ವಿಭಜನೆಯಾಗುವ ಕೋಶಗಳಿವೆ: ಅಸ್ಥಿಮಜ್ಜೆ, ಬಾಯಿ ಮತ್ತು ಕರುಳಿನ ಒಳಪೊರೆ, ಕೂದಲ ಬುಡ. ಕೀಮೋದಲ್ಲಿ ಕೌಂಟ್ (ರಕ್ತಕಣಗಳ ಸಂಖ್ಯೆ) ಇಳಿಯುವುದು, ಬಾಯಿ ಹುಣ್ಣಾಗುವುದು, ಭೇದಿಯಾಗುವುದು, ಕೂದಲು ಉದುರುವುದು ಎಲ್ಲಕ್ಕೂ ಕಾರಣ ಇದೊಂದೇ.

ಟಾರ್ಗೆಟೆಡ್ ಔಷಧಿ, ಕ್ಯಾನ್ಸರ್ ಕೋಶ ಬೆಳೆಯಲು ನೆಚ್ಚಿಕೊಂಡಿರುವ ಒಂದು ನಿರ್ದಿಷ್ಟ ಪ್ರೋಟೀನನ್ನು ತಡೆಹಿಡಿಯುತ್ತದೆ. ಕೆಟ್ಟು ಸದಾ "ಆನ್" ಆಗಿಯೇ ಉಳಿದ ಸ್ವಿಚ್ಚನ್ನು ಆರಿಸಿದಂತೆ. ಇವುಗಳಲ್ಲಿ ಎರಡು ಮುಖ್ಯ ಗುಂಪುಗಳನ್ನು ಹೆಸರಿನಿಂದಲೇ ಗುರುತಿಸಬಹುದು. "ನಿಬ್" ಎಂದು ಕೊನೆಯಾಗುವವು (ಇಮ್ಯಾಟಿನಿಬ್, ಜೆಫಿಟಿನಿಬ್, ಒಸಿಮೆರ್ಟಿನಿಬ್, ಅಲೆಕ್ಟಿನಿಬ್) ಕೋಶದ ಒಳಗೆ ಹೋಗುವ ಸಣ್ಣ ಅಣುಗಳು; ಬಹುತೇಕ ಮಾತ್ರೆ ಅಥವಾ ಕ್ಯಾಪ್ಸೂಲ್. "ಮ್ಯಾಬ್" ಎಂದು ಕೊನೆಯಾಗುವವು (ಟ್ರಾಸ್ಟುಜುಮ್ಯಾಬ್, ರಿಟುಕ್ಸಿಮ್ಯಾಬ್, ಸೆಟುಕ್ಸಿಮ್ಯಾಬ್) ಕೋಶದ ಹೊರಮೈಗೆ ಅಂಟುವ ಪ್ರತಿಕಾಯಗಳು. ಇವನ್ನು ಡ್ರಿಪ್‌ನಲ್ಲೋ ಚರ್ಮದಡಿಯ ಇಂಜೆಕ್ಷನ್ ಆಗಿಯೋ ಕೊಡುತ್ತಾರೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಕೂಡ "ಮ್ಯಾಬ್" ಆದರೂ ಅವು ರೋಗನಿರೋಧಕ ಶಕ್ತಿಯ ಬ್ರೇಕ್ ತೆಗೆಯುವ ಇಮ್ಯುನೋಥೆರಪಿ. ಅವುಗಳ ಲೆಕ್ಕಾಚಾರವೇ ಬೇರೆ, ಇಲ್ಲಿ ಬೆರೆಸುವುದಿಲ್ಲ.

"ಮಾತ್ರೆಯಾದರೆ ಟಾರ್ಗೆಟೆಡ್, ಡ್ರಿಪ್ ಆದರೆ ಕೀಮೋ" ಎಂಬ ನಂಬಿಕೆ ತುಂಬಾ ಹರಡಿದೆ. ಅದು ತಪ್ಪು. ಕೆಪೆಸಿಟಾಬಿನ್, ಟೆಮೊಜೊಲೊಮೈಡ್ ಮಾತ್ರೆ, ಕ್ಯಾಪ್ಸೂಲ್‌ಗಳಾಗಿ ಬಂದರೂ ಶುದ್ಧ ಕೀಮೋ. ಕೆಪೆಸಿಟಾಬಿನ್ ತೆಗೆದುಕೊಳ್ಳುವವರು "ಇದು ಬರೀ ಮಾತ್ರೆ" ಎಂದುಕೊಂಡು ದಿನಕ್ಕೆ ಐದಾರು ಸಲ ಭೇದಿಯಾದರೂ ನುಂಗುತ್ತಲೇ ಹೋದರೆ ಅಪಾಯ ಕಟ್ಟಿಟ್ಟದ್ದು. ಈಚೆಗೆ ಎರಡರ ನಡುವಿನ ಗೆರೆಯೂ ಮಸುಕಾಗಿದೆ. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್‌ನಂಥ ಔಷಧಿಯಲ್ಲಿ ಪ್ರತಿಕಾಯದ ಬೆನ್ನಿಗೆ ಕೀಮೋ ಅಣುಗಳನ್ನೇ ಕಟ್ಟಿರುತ್ತಾರೆ. ಹೆಸರು ಟಾರ್ಗೆಟೆಡ್ ಆದರೂ ವಾಂತಿ, ಕೌಂಟ್ ಇಳಿಕೆ, ಕೂದಲು ಉದುರುವಿಕೆ ಇದರಲ್ಲೂ ಇವೆ. ಜೊತೆಗೆ ಶ್ವಾಸಕೋಶದ ಉರಿಯೂತದ ಅಪಾಯವೂ ಇದೆ.

ಯಾವ ಕ್ಯಾನ್ಸರಿಗೆ ಯಾವ ಸಾಲು

ಸ್ತನ ಕ್ಯಾನ್ಸರಿನಲ್ಲಿ ನೋಡಬೇಕಾದದ್ದು ಹರ್2, ಅಂದರೆ ಟ್ರಾಸ್ಟುಜುಮ್ಯಾಬ್ ಹುಡುಕಿಕೊಂಡು ಹೋಗುವ ಪ್ರೋಟೀನ್. ಇದು ಸುಮಾರು 15ರಿಂದ 20 ಶೇಕಡಾ ಗಡ್ಡೆಗಳಲ್ಲಿ ಪಾಸಿಟಿವ್ ಆಗಿರುತ್ತದೆ. ತುಣುಕಿಗೆ ಬಣ್ಣ ಹಾಕಿ ಪ್ರೋಟೀನ್ ನೋಡುವ ಐಎಚ್‌ಸಿ ಪರೀಕ್ಷೆಯಲ್ಲಿ 3+ ಬಂದರೆ ಪಾಸಿಟಿವ್, 0 ಅಥವಾ 1+ ಬಂದರೆ ನೆಗೆಟಿವ್. ಜನ ಎಡವುವುದು 2+ ಬಂದಾಗ. 2+ ಎಂದರೆ "ಅರ್ಧ ಪಾಸಿಟಿವ್" ಅಲ್ಲ, "ಇನ್ನೂ ತೀರ್ಮಾನವಾಗಿಲ್ಲ" ಎಂದರ್ಥ. ಹರ್2 ಜೀನ್‌ನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಆಗಲೇಬೇಕು. ಆ ಪರೀಕ್ಷೆ ಮಾಡಿಸದೆ ಟ್ರಾಸ್ಟುಜುಮ್ಯಾಬ್ ಶುರು ಮಾಡುವುದೂ ತಪ್ಪು, ಬೇಡವೆಂದು ಬಿಡುವುದೂ ತಪ್ಪು. ಹರ್2 ಪಾಸಿಟಿವ್ ಇದ್ದರೂ ಕೀಮೋ ಸಾಮಾನ್ಯವಾಗಿ ತಪ್ಪುವುದಿಲ್ಲ. ಟ್ರಾಸ್ಟುಜುಮ್ಯಾಬನ್ನು ಪ್ಯಾಕ್ಲಿಟ್ಯಾಕ್ಸೆಲ್ ಅಥವಾ ಡೋಸಿಟ್ಯಾಕ್ಸೆಲ್ ಜೊತೆ ಕೊಡುತ್ತಾರೆ. ಡಾಕ್ಸೊರುಬಿಸಿನ್ ಜೊತೆಯಲ್ಲೇ ಸಾಮಾನ್ಯವಾಗಿ ಕೊಡುವುದಿಲ್ಲ, ಏಕೆಂದರೆ ಎರಡೂ ಒಟ್ಟಿಗೆ ಹೃದಯದ ಮೇಲೆ ಬೀಳುತ್ತವೆ. ಒಂದು ಮುಗಿದ ಮೇಲೆ ಇನ್ನೊಂದು.

ಶ್ವಾಸಕೋಶದ ಅಡಿನೊಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ (ಅದರಲ್ಲಿ ಎಕ್ಸಾನ್ 19 ಡಿಲೀಶನ್ ಅಥವಾ ಎಲ್858ಆರ್ ಎಂಬ ಬದಲಾವಣೆ), ಎಎಲ್‌ಕೆ, ರಾಸ್1 ಜೀನ್‌ಗಳು ಪರೀಕ್ಷಿಸಬೇಕಾದ ಕನಿಷ್ಠ ಪಟ್ಟಿ. ಭಾರತೀಯ ರೋಗಿಗಳಲ್ಲಿ ಸ್ಥೂಲವಾಗಿ ನಾಲ್ಕರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಇಜಿಎಫ್‌ಆರ್ ಸಿಗುತ್ತದೆ. ಬೀಡಿ ಸಿಗರೇಟು ಮುಟ್ಟದ ಹೆಣ್ಣುಮಕ್ಕಳಲ್ಲಿ ಇನ್ನೂ ಹೆಚ್ಚು. ಧೂಮಪಾನಿ ಎಂಬ ಕಾರಣಕ್ಕೆ ಪರೀಕ್ಷೆ ಬಿಡುವುದು ಸರಿಯಲ್ಲ. ಎಕ್ಸಾನ್ 20 ಇನ್ಸರ್ಶನ್ ಎಂದು ಬಂದರೆ ಎಚ್ಚರ: ಹೆಸರು ಇಜಿಎಫ್‌ಆರ್ ಆದರೂ ಜೆಫಿಟಿನಿಬ್, ಎರ್ಲೊಟಿನಿಬ್ ಅದಕ್ಕೆ ಬಹುತೇಕ ನಾಟುವುದಿಲ್ಲ.

ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ತರ್ಕ ತಿರುವುಮುರುವು. ಕೆರಾಸ್, ಎನ್‌ರಾಸ್ ಎಂಬ ಜೀನ್‌ಗಳಲ್ಲಿ ಮ್ಯುಟೇಶನ್ ಇದ್ದರೆ ಸೆಟುಕ್ಸಿಮ್ಯಾಬ್ ಕೆಲಸ ಮಾಡುವುದಿಲ್ಲ; ಇಲ್ಲಿ "ನೆಗೆಟಿವ್" ಎಂಬುದೇ ಒಳ್ಳೆಯ ಸುದ್ದಿ. ಅದರ ಮೇಲೆ, ಗಡ್ಡೆ ಎಡಭಾಗದ ಕರುಳಿನಲ್ಲಿದ್ದರೆ ಸಿಗುವ ಲಾಭ ಬಲಭಾಗದಲ್ಲಿ ಸಿಗುವುದಿಲ್ಲ. ಬಿರಾಫ್ ಜೀನ್‌ನ ವಿ600ಇ ಮ್ಯುಟೇಶನ್ ಇನ್ನೊಂದು ಪಾಠ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಈ ಮ್ಯುಟೇಶನ್‌ಗೆ ವೆಮುರಾಫೆನಿಬ್ ಒಂದೇ ಕೊಟ್ಟರೂ ಸುಮಾರು ಅರ್ಧದಷ್ಟು ಜನರ ಗಡ್ಡೆ ಕುಗ್ಗುತ್ತದೆ. ಅದೇ ಮ್ಯುಟೇಶನ್ ಕರುಳಿನಲ್ಲಿದ್ದಾಗ ಅದೇ ಔಷಧಿಗೆ ಹೆಚ್ಚುಕಮ್ಮಿ 5 ಶೇಕಡಾ. ಕಾರಣ, ಕರುಳಿನ ಕೋಶ ಬಿರಾಫ್ ಮುಚ್ಚಿದ ಕೂಡಲೇ ಇಜಿಎಫ್‌ಆರ್ ದಾರಿಯಿಂದ ಸಂಕೇತ ಕಳಿಸಿಕೊಳ್ಳುತ್ತದೆ. ಅದಕ್ಕೇ ಅಲ್ಲಿ ಎನ್‌ಕೊರಾಫೆನಿಬ್ ಜೊತೆಗೆ ಸೆಟುಕ್ಸಿಮ್ಯಾಬ್ ಸೇರಿಸಬೇಕಾಯಿತು. ಪಕ್ಕದ ಮನೆಯವರಿಗೆ ಕೆಲಸ ಮಾಡಿದ ಮಾತ್ರೆ ನಮಗೂ ಆಗುತ್ತದೆ ಎನ್ನುವ ಮೊದಲು ಇದನ್ನು ನೆನೆಯಬೇಕು.

ಸಿಎಂಎಲ್ ಎಂಬ ದೀರ್ಘಕಾಲಿಕ ರಕ್ತ ಕ್ಯಾನ್ಸರಿನಲ್ಲಿ ಮಾತ್ರ ಹೋಲಿಕೆಗೆ ಎಡೆಯೇ ಇಲ್ಲ. ಬಿಸಿಆರ್-ಎಬಿಎಲ್ ಎಂಬ ಒಂದೇ ಕೆಟ್ಟ ಪ್ರೋಟೀನ್ ಇಡೀ ರೋಗವನ್ನು ನಡೆಸುತ್ತದೆ. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಮ್ಯಾಟಿನಿಬ್ ದಿನಕ್ಕೆ 400 ಮಿ.ಗ್ರಾಂ.ನಂತೆ ಶುರು ಮಾಡಿದವರಲ್ಲಿ ಹತ್ತು ವರ್ಷದ ನಂತರವೂ 83 ಶೇಕಡಾ ಬದುಕಿದ್ದರು. ಇಲ್ಲಿ ಮಾತ್ರೆಯೇ ಚಿಕಿತ್ಸೆ.

ಇದರ ಎದುರು ತುದಿಯಲ್ಲಿ ವೃಷಣದ ಕ್ಯಾನ್ಸರ್ ಇದೆ. ದೇಹದ ಬೇರೆಡೆ ಹರಡಿದ್ದರೂ ಸಿಸ್ಪ್ಲಾಟಿನ್ ಆಧಾರಿತ ಕೀಮೋದಿಂದ ಬಹುಪಾಲು ಗುಣವಾಗುತ್ತದೆ. ಮಕ್ಕಳ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಹಾಜ್ಕಿನ್ ಲಿಂಫೋಮಾ ಕೂಡ ಕೀಮೋದಿಂದ ಗುಣವಾದ ದೊಡ್ಡ ಗೆಲುವುಗಳು. ಕೀಮೋ ಹಳೆಯದು, ಆದ್ದರಿಂದ ಕಮ್ಮಿ ದರ್ಜೆಯದು ಎಂದು ಭಾವಿಸಿ ಇಂಥ ಕಡೆ ನಿರಾಕರಿಸಿದರೆ ಗುಣವಾಗುವ ರೋಗ ಕೈತಪ್ಪಿಹೋಗುತ್ತದೆ.

ಗುಟ್ಕಾ, ತಂಬಾಕು, ಅಡಿಕೆಯಿಂದ ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಾಯಿ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮತ್ತು ರೇಡಿಯೇಶನ್ ಬೆನ್ನೆಲುಬು, ಅಗತ್ಯವಿದ್ದವರಿಗೆ ರೇಡಿಯೇಶನ್ ಜೊತೆ ಸಿಸ್ಪ್ಲಾಟಿನ್. ಸೆಟುಕ್ಸಿಮ್ಯಾಬ್, ನಿಮೊಟುಜುಮ್ಯಾಬ್ ಇಲ್ಲಿ ಬಳಕೆಯಲ್ಲಿದ್ದರೂ ಸಿಸ್ಪ್ಲಾಟಿನ್ ತಡೆದುಕೊಳ್ಳಬಲ್ಲವರಲ್ಲಿ ಅದನ್ನು ಬಿಟ್ಟು ಸೆಟುಕ್ಸಿಮ್ಯಾಬ್ ಕೊಡುವುದು ಜಾಣತನವಲ್ಲ.

ತುಣುಕು ಕೆಟ್ಟರೆ ಪರೀಕ್ಷೆಯೂ ಕೆಟ್ಟಂತೆ

ರಿಪೋರ್ಟ್‌ನಲ್ಲಿ "ಮಾದರಿ ಸಾಲದು" ಎಂದು ಬರುವುದು ಅಪರೂಪವಲ್ಲ. ಬಯಾಪ್ಸಿ ತುಣುಕನ್ನು ತೆಗೆದ ಒಂದು ಗಂಟೆಯೊಳಗೆ ಅದು ಕೆಡದಂತೆ ಕಾಯುವ 10 ಶೇಕಡಾ ಬಫರ್ಡ್ ಫಾರ್ಮಲಿನ್ ದ್ರಾವಣಕ್ಕೆ ಹಾಕಬೇಕು; ಹರ್2 ಪರೀಕ್ಷೆಗೆ ಅದು 6ರಿಂದ 72 ಗಂಟೆ ಅದರಲ್ಲಿರಬೇಕು. ಉಪ್ಪುನೀರಿನ ಡಬ್ಬಿಯಲ್ಲಿ ಇಟ್ಟು ಊರಿಂದ ಊರಿಗೆ ಸಾಗಿಸಿದ ತುಣುಕು, ಶನಿವಾರ ತೆಗೆದು ಸೋಮವಾರದವರೆಗೆ ಫಾರ್ಮಲಿನ್ ಕಾಣದ ತುಣುಕು ಸುಳ್ಳು ಫಲಿತಾಂಶ ಕೊಡಬಲ್ಲದು. ಮೂಳೆಯಿಂದ ತೆಗೆದ ಮಾದರಿಯನ್ನು ಮೆದುಗೊಳಿಸಲು ಪ್ರಬಲ ಆಮ್ಲ ಬಳಸಿದರೆ ಡಿಎನ್‌ಎ ಹಾಳಾಗುತ್ತದೆ, ಜೀನ್ ಪರೀಕ್ಷೆ ಫೇಲ್ ಆಗುತ್ತದೆ. ಬಯಾಪ್ಸಿಗೆ ಮೊದಲೇ "ಜೀನ್ ಟೆಸ್ಟ್‌ಗೂ ಸಾಕಾಗುವಷ್ಟು ತೆಗೆಯಿರಿ" ಎಂದು ಹೇಳಿಟ್ಟರೆ ಎರಡನೇ ಸಲ ಸೂಜಿ ಹಾಕಿಸಿಕೊಳ್ಳುವುದು ತಪ್ಪಬಹುದು.

ಆಸ್ಪತ್ರೆ ಬದಲಿಸುವಾಗ ಗಾಜಿನ ಸ್ಲೈಡ್ ಮಾತ್ರ ತಂದರೆ ಸಾಲದು. ಬಯಾಪ್ಸಿ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಸ್ಲೈಡ್ ರೋಗದ ಹೆಸರು ಹೇಳಬಲ್ಲದು. ಜೀನ್ ಪರೀಕ್ಷೆಗೆ ಬೇಕಾದ ಹೊಸ ತೆಳು ಪದರಗಳನ್ನು ಕತ್ತರಿಸುವುದು ಬ್ಲಾಕ್‌ನಿಂದ. ಬ್ಲಾಕನ್ನು ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ.

ಒಂದೇ ಜೀನ್ ನೋಡುವ ಪಿಸಿಆರ್ ಸಾಮಾನ್ಯವಾಗಿ ಒಂದು ವಾರದಲ್ಲಿ ಬರುತ್ತದೆ, ಖರ್ಚು ಕಡಿಮೆ. ಎನ್‌ಜಿಎಸ್ ಎಂಬ ದೊಡ್ಡ ಪ್ಯಾನೆಲ್ ನೂರಾರು ಜೀನ್ ನೋಡುತ್ತದೆ. ಎರಡು ಮೂರು ವಾರ ಬೇಕು. ಶ್ವಾಸಕೋಶದಲ್ಲಿ ಅದು ಅರ್ಥಪೂರ್ಣ. ಆರಂಭದ ಹಂತದ ಸ್ತನ ಕ್ಯಾನ್ಸರಿನಲ್ಲಿ ಎಲ್ಲರಿಗೂ ಅದು ಬೇಕಿಲ್ಲ. ತುಣುಕು ಸಿಗದಿದ್ದರೆ ರಕ್ತದಿಂದ ಮಾಡುವ ಲಿಕ್ವಿಡ್ ಬಯಾಪ್ಸಿ ಇದೆ. ಅದರಲ್ಲಿ ಮ್ಯುಟೇಶನ್ ಕಂಡರೆ ನಂಬಬಹುದು. ಕಾಣದಿದ್ದರೆ "ಇಲ್ಲ" ಎಂದು ನಂಬುವಂತಿಲ್ಲ, ಗಡ್ಡೆ ರಕ್ತಕ್ಕೆ ಸಾಕಷ್ಟು ಡಿಎನ್‌ಎ ಬಿಟ್ಟಿರದೆಯೂ ಇರಬಹುದು.

ಕಷ್ಟ ಬರುವ ರೀತಿ ಬೇರೆ, ಬರುವ ದಿನವೂ ಬೇರೆ

ಕೀಮೋದ ಕಷ್ಟ ಏರಿಳಿಯುತ್ತದೆ. 21 ದಿನದ ಒಂದು ಸೈಕಲ್ ತೆಗೆದುಕೊಳ್ಳಿ. ಮೊದಲ ಮೂರ್ನಾಲ್ಕು ದಿನ ವಾಂತಿ, ಸುಸ್ತು. ಇದಕ್ಕೆ ಡ್ರಿಪ್‌ಗೆ ಮೊದಲೇ ಒಂಡಾನ್ಸೆಟ್ರಾನ್, ಡೆಕ್ಸಾಮೆಥಸೋನ್, ಅಪ್ರೆಪಿಟೆಂಟ್ ಕೊಡುತ್ತಾರೆ. ರಾತ್ರಿ ಸಣ್ಣ ಡೋಸ್ ಓಲಾಂಜಪಿನ್ ಸೇರಿಸಿದರೆ ತುಂಬಾ ಜನಕ್ಕೆ ವಾಕರಿಕೆ ನಿಲ್ಲುತ್ತದೆ. 2.5 ಮಿ.ಗ್ರಾಂ. ಕೂಡ 10 ಮಿ.ಗ್ರಾಂ.ನಷ್ಟೇ ಕೆಲಸ ಮಾಡುತ್ತದೆ, ಹಗಲಿನ ಮಂಪರು ಕಡಿಮೆ ಎಂದು ಭಾರತದಲ್ಲೇ ನಡೆದ ಅಧ್ಯಯನ ತೋರಿಸಿದೆ. ವಾಂತಿ ಶುರುವಾದ ಮೇಲೆ ಮಾತ್ರೆ ಹುಡುಕುವುದಕ್ಕಿಂತ, ಬರೆದುಕೊಟ್ಟದ್ದನ್ನು ಗಡಿಯಾರ ನೋಡಿ ನುಂಗುವುದು ಮೇಲು.

ಏಳನೇ ದಿನದಿಂದ ಹದಿನಾಲ್ಕರವರೆಗೆ ಬಿಳಿ ರಕ್ತಕಣ ತಳ ಮುಟ್ಟುತ್ತದೆ. ರೋಗಿ ನೋಡಲು ಚೆನ್ನಾಗಿರುತ್ತಾರೆ, ಊಟ ಸೇರಲು ಶುರುವಾಗಿರುತ್ತದೆ, ಮನೆಯವರು ನಿರಾಳವಾಗುತ್ತಾರೆ. ನಿಜವಾದ ಅಪಾಯ ಆಗಲೇ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದು ರಾತ್ರಿ ಎರಡು ಗಂಟೆಯಾಗಿರಲಿ, ಆಸ್ಪತ್ರೆಗೆ ಹೊರಡಬೇಕು. "ಬೆಳಗ್ಗೆ ನೋಡೋಣ" ಎಂದು ಡೋಲೋ ಕೊಟ್ಟು ಮಲಗಿಸಿದರೆ ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ. ಈ ಒಂದು ರಾತ್ರಿಯ ತಡ ತಪ್ಪಿಸಬಹುದಾದ ಸಾವಿಗೆ ಕಾರಣವಾಗಬಹುದು. ಮೂರನೇ ವಾರಕ್ಕೆ ಕೌಂಟ್ ಏರುತ್ತದೆ, ಮತ್ತೆ ಮುಂದಿನ ಸೈಕಲ್.

ಟಾರ್ಗೆಟೆಡ್ ಮಾತ್ರೆಯಲ್ಲಿ ಇಂಥ ಏರಿಳಿತ ಕಡಿಮೆ. ಕಷ್ಟ ಸಣ್ಣದು, ಆದರೆ ದಿನಾ ಇರುತ್ತದೆ. ಗುರಿಯ ಪ್ರೋಟೀನ್ ದೇಹದ ಯಾವ ಭಾಗದಲ್ಲಿ ಕೆಲಸ ಮಾಡುತ್ತದೋ ಹೆಚ್ಚಾಗಿ ಅಲ್ಲೇ ಕಾಣಿಸಿಕೊಳ್ಳುತ್ತದೆ. ಇಜಿಎಫ್‌ಆರ್ ಚರ್ಮಕ್ಕೂ ಬೇಕಾದ ಪ್ರೋಟೀನ್, ಹಾಗಾಗಿ ಎರಡನೇ ವಾರದ ಹೊತ್ತಿಗೆ ಮುಖ, ಎದೆ, ಬೆನ್ನಿನ ಮೇಲೆ ಗುಳ್ಳೆ ಏಳುತ್ತವೆ. ನೋಡಲು ಮೊಡವೆಯಂತಿದ್ದರೂ ಮೊಡವೆಯಲ್ಲ. ಮೊಡವೆ ಕ್ರೀಮ್, ನಿಂಬೆರಸ, ಕಡಲೆಹಿಟ್ಟು ಹಚ್ಚಿ ತಿಕ್ಕಿದರೆ ಚರ್ಮ ಒಣಗಿ ಬಿರಿಯುತ್ತದೆ. ಬೇಕಾದದ್ದು ಉಗುರುಬೆಚ್ಚಗಿನ ನೀರು, ದಿನಕ್ಕೆರಡು ಸಲ ವಾಸನೆಯಿಲ್ಲದ ಮಾಯಿಶ್ಚರೈಸರ್, ಹೊರಗೆ ಹೋಗುವಾಗ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ವೈದ್ಯರು ಮೊದಲ ಆರು ವಾರ ಡಾಕ್ಸಿಸೈಕ್ಲಿನ್ ಬರೆದುಕೊಡುವುದೂ ಉಂಟು. ಕೈಕಾಲಿನ ಉಗುರಿನ ಪಕ್ಕ ಊದಿ ಕೀವಾಗುವುದು ಒಂದೆರಡು ತಿಂಗಳ ಮೇಲೆ. ಉಗುರನ್ನು ಮೂಲೆಯ ತನಕ ಕತ್ತರಿಸಬಾರದು, ಬಿಗಿ ಚಪ್ಪಲಿ ಬೇಡ. ಗುಳ್ಳೆ ಎದ್ದಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರು ಬಹಳ. ನಿಲ್ಲಿಸುವ ಮೊದಲು ಒಂದು ಫೋನ್ ಮಾಡಿ. ಡೋಸ್ ತಗ್ಗಿಸಿಯೂ ಮುಂದುವರಿಸಬಹುದು. ಆದರೆ ಹೊಸದಾಗಿ ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಶ್ವಾಸಕೋಶದ ಉರಿಯೂತ ಅಪರೂಪ, ಆದರೆ ಕಾಯುವುದಿಲ್ಲ.

ಟ್ರಾಸ್ಟುಜುಮ್ಯಾಬ್‌ಗೆ ಹೃದಯದ ಎಕೋ ಶುರುವಿಗೆ ಮೊದಲು ಮತ್ತು ಮೂರು ತಿಂಗಳಿಗೊಮ್ಮೆ. ಪಂಪಿಂಗ್ ಶಕ್ತಿ ಇಳಿದರೆ ಔಷಧಿ ಕೆಲಕಾಲ ನಿಲ್ಲಿಸುತ್ತಾರೆ, ಬಹುತೇಕರಲ್ಲಿ ಅದು ಮರಳಿ ಏರುತ್ತದೆ. ಡಾಕ್ಸೊರುಬಿಸಿನ್ ಕೀಮೋದ ಹಾನಿ ಹಾಗಲ್ಲ. ಅದು ಡೋಸ್ ಕೂಡಿದಂತೆ ಬೆಳೆಯುವ, ಹೆಚ್ಚಾಗಿ ಹಿಂದಿರುಗದ ಹಾನಿ. ಅದಕ್ಕೇ ಆ ಔಷಧಿಗೆ ಜೀವಮಾನದ ಮಿತಿಯಿದೆ, ದೇಹದ ಮೇಲ್ಮೈಯ ಚದರ ಮೀಟರಿಗೆ 450ರಿಂದ 550 ಮಿ.ಗ್ರಾಂ. ಹಿಂದೆ ಎಷ್ಟು ಕೊಟ್ಟಿದ್ದಾರೆಂಬ ಡಿಸ್ಚಾರ್ಜ್ ಚೀಟಿ ವರ್ಷಗಳ ನಂತರವೂ ಬೇಕಾಗುತ್ತದೆ, ಜೋಪಾನ. ಬೆವಾಸಿಜುಮ್ಯಾಬ್ ರಕ್ತನಾಳ ಬೆಳೆಯುವುದನ್ನು ತಡೆಯುವುದರಿಂದ ಗಾಯ ಮಾಯುವುದಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯ ಹಿಂದೆ ಮುಂದೆ 28 ದಿನ ಕೊಡುವುದಿಲ್ಲ, ಹಲ್ಲು ಕೀಳಿಸುವ ಮೊದಲೂ ಹೇಳಬೇಕು. ರಿಟುಕ್ಸಿಮ್ಯಾಬ್‌ಗೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಿರಲೇಬೇಕು, ಇಲ್ಲದಿದ್ದರೆ ಮಲಗಿದ್ದ ವೈರಸ್ ಎದ್ದು ಪಿತ್ತಜನಕಾಂಗವನ್ನೇ ಕೆಡಿಸಬಹುದು.

ಮಕ್ಕಳು ಬೇಕೆಂದಿರುವ ಯುವಕ ಯುವತಿಯರು ಕೀಮೋ ಶುರುವಾಗುವ ಮೊದಲೇ ವೀರ್ಯ ಅಥವಾ ಅಂಡಾಣು ಶೇಖರಿಸುವ ಬಗ್ಗೆ ಕೇಳಬೇಕು. ಮೊದಲ ಸೈಕಲ್ ಆದ ಮೇಲೆ ತಡವಾಗುತ್ತದೆ. ಗರ್ಭಿಣಿಯರ ವಿಷಯದಲ್ಲಿ ಹಲವರು ಊಹಿಸುವುದಕ್ಕೆ ವಿರುದ್ಧವಾದದ್ದು ನಿಜ: ಸ್ತನ ಕ್ಯಾನ್ಸರಿಗೆ ಕೆಲವು ಕೀಮೋಗಳನ್ನು ನಾಲ್ಕನೇ ತಿಂಗಳ ನಂತರ ಎಚ್ಚರದಿಂದ ಕೊಡಬಹುದು, ಟ್ರಾಸ್ಟುಜುಮ್ಯಾಬ್ ಕೊಡುವಂತಿಲ್ಲ. ಅದು ಮಗುವಿನ ಸುತ್ತಲ ನೀರನ್ನು ಬತ್ತಿಸುತ್ತದೆ.

ಮಾತ್ರೆ ಮನೆಯಲ್ಲಿದ್ದಾಗ

ಕೀಮೋ ಡ್ರಿಪ್ ಹಾಕುವಾಗ ಡೋಸ್, ಸಮಯ, ರಕ್ತಪರೀಕ್ಷೆ ಎಲ್ಲವನ್ನೂ ಆಸ್ಪತ್ರೆ ನೋಡಿಕೊಳ್ಳುತ್ತದೆ. ಮಾತ್ರೆಯಲ್ಲಿ ಆ ಹೊಣೆ ಅಡುಗೆಮನೆಗೆ ಬರುತ್ತದೆ, ಮತ್ತು ಚಿಕಿತ್ಸೆ ಸದ್ದಿಲ್ಲದೆ ಸೋಲುವುದು ಇಲ್ಲೇ. ಇಮ್ಯಾಟಿನಿಬ್ ಊಟದೊಂದಿಗೆ, ದೊಡ್ಡ ಲೋಟ ನೀರಿನ ಜೊತೆ. ಅಲೆಕ್ಟಿನಿಬ್ ಊಟದೊಂದಿಗೆ. ಎರ್ಲೊಟಿನಿಬ್, ಲ್ಯಾಪಾಟಿನಿಬ್, ಪಜೊಪಾನಿಬ್ ಖಾಲಿ ಹೊಟ್ಟೆಗೆ. ಗ್ಯಾಸ್ಟ್ರಿಕ್ ಎಂದು ದಿನಾ ಬೆಳಗ್ಗೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಹೊಟ್ಟೆಯ ಆಮ್ಲ ತಗ್ಗಿಸಿ ಜೆಫಿಟಿನಿಬ್, ಎರ್ಲೊಟಿನಿಬ್, ದಾಸಾಟಿನಿಬ್ ಹೀರಿಕೊಳ್ಳದಂತೆ ಮಾಡುತ್ತವೆ. ನಮ್ಮಲ್ಲಿ ಈ ಗ್ಯಾಸ್ ಮಾತ್ರೆಯನ್ನು ಯಾರೂ ಔಷಧಿ ಎಂದೇ ಲೆಕ್ಕಿಸುವುದಿಲ್ಲ, ವೈದ್ಯರಿಗೆ ಹೇಳುವುದೂ ಇಲ್ಲ.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಇವು ಹಲವು "ನಿಬ್" ಔಷಧಿಗಳನ್ನು ಪಿತ್ತಜನಕಾಂಗದಲ್ಲಿ ಬೇಗ ಕರಗಿಸಿ ರಕ್ತದಲ್ಲಿನ ಮಟ್ಟ ತೀರಾ ಇಳಿಸುತ್ತವೆ. ಸಿಗರೇಟು ಎರ್ಲೊಟಿನಿಬ್‌ಗೆ ಅದನ್ನೇ ಮಾಡುತ್ತದೆ. ಚಕ್ಕೋತ ಇದರ ಉಲ್ಟಾ: ಅದರಲ್ಲಿರುವ ರಾಸಾಯನಿಕ ಔಷಧಿ ಕರಗುವುದನ್ನು ತಡೆದು ಮಟ್ಟ ಏರಿಸಬಹುದು. ವಿದೇಶಿ ಕರಪತ್ರಗಳಲ್ಲಿ ಗ್ರೇಪ್‌ಫ್ರೂಟ್ ಬೇಡ ಎಂದು ಬರೆದಿರುತ್ತದೆ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತದ ಸಂಕರದಿಂದ. ದೇವನಹಳ್ಳಿ ಚಕ್ಕೋತ ಮನೆಗೆ ಬಂದರೆ ಈ ಮಾತ್ರೆ ನುಂಗುವವರ ಪಾಲನ್ನು ಬೇರೆಯವರಿಗೆ ಕೊಡಿ.

ಮರೆತ ಡೋಸ್‌ಗಳ ಲೆಕ್ಕವೂ ಸಣ್ಣದಲ್ಲ. ಸಿಎಂಎಲ್ ರೋಗಿಗಳಲ್ಲಿ ಹತ್ತು ಶೇಕಡಾಕ್ಕಿಂತ ಹೆಚ್ಚು, ಅಂದರೆ ತಿಂಗಳಿಗೆ ಮೂರು ಮಾತ್ರೆಗಿಂತ ಹೆಚ್ಚು ತಪ್ಪಿಸಿದವರಲ್ಲಿ ರೋಗ ಹಿಡಿತಕ್ಕೆ ಬರುವ ಸಾಧ್ಯತೆ ಬಹಳ ಕುಸಿಯುತ್ತದೆ. ಹಬ್ಬ, ಉಪವಾಸ, ಮದುವೆ ಪ್ರಯಾಣದಲ್ಲೇ ಹೆಚ್ಚು ತಪ್ಪುವುದು. ತಪ್ಪಿದ ಮಾತ್ರೆಗೆ ಮರುದಿನ ಎರಡು ನುಂಗಬಾರದು.

ಎಷ್ಟು ಕಾಲ, ಸೋತರೆ ಏನು

ಕೀಮೋಗೆ ಬಹುತೇಕ ಮುಗಿಯುವ ದಿನ ಇರುತ್ತದೆ: ನಾಲ್ಕು, ಆರು, ಎಂಟು ಸೈಕಲ್. ಹರಡಿದ ಕ್ಯಾನ್ಸರಿನಲ್ಲಿ ಟಾರ್ಗೆಟೆಡ್ ಮಾತ್ರೆಯನ್ನು ಅದು ಕೆಲಸ ಮಾಡುವವರೆಗೂ ಮುಂದುವರಿಸುತ್ತಾರೆ. ಕೊನೆಗೆ ಗಡ್ಡೆ ದಾರಿ ಕಂಡುಕೊಳ್ಳುತ್ತದೆ. ಜೆಫಿಟಿನಿಬ್ ಸೋತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಟಿ790ಎಂ ಎಂಬ ಹೊಸ ಮ್ಯುಟೇಶನ್ ಸಿಗುತ್ತದೆ, ಅವರಿಗೆ ಒಸಿಮೆರ್ಟಿನಿಬ್ ನಾಟುತ್ತದೆ. ಹಾಗಾಗಿ ಸ್ಕ್ಯಾನ್‌ನಲ್ಲಿ ರೋಗ ಬೆಳೆದಾಗ ಮತ್ತೊಮ್ಮೆ ಬಯಾಪ್ಸಿ ಅಥವಾ ರಕ್ತಪರೀಕ್ಷೆ ಕೇಳುವುದು ಸರಿ. ಸಿಎಂಎಲ್‌ನಲ್ಲಿ ಬಿಸಿಆರ್-ಎಬಿಎಲ್ ಪ್ರಮಾಣ ಮೂರು ತಿಂಗಳಿಗೆ 10 ಶೇಕಡಾ, ಆರು ತಿಂಗಳಿಗೆ 1, ವರ್ಷಕ್ಕೆ 0.1 ಅಥವಾ ಅದಕ್ಕಿಂತ ಕೆಳಗಿರಬೇಕು. ಮೈ ಹಗುರವಾಗಿದೆ ಎಂದು ಈ ಪರೀಕ್ಷೆ ಬಿಡುವಂತಿಲ್ಲ.

ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಹಟವೇ ಹಲವು ಸಲ ತಪ್ಪು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇಜಿಎಫ್‌ಆರ್ ಪಾಸಿಟಿವ್ ಇರುವ 350 ರೋಗಿಗಳಲ್ಲಿ ಜೆಫಿಟಿನಿಬ್ ಒಂದನ್ನೇ, ಮತ್ತು ಅದರ ಜೊತೆ ಪೆಮೆಟ್ರೆಕ್ಸೆಡ್-ಕಾರ್ಬೊಪ್ಲಾಟಿನ್ ಕೀಮೋ ಸೇರಿಸಿ ಕೊಟ್ಟು ಹೋಲಿಸಿದರು. ರೋಗ ಮತ್ತೆ ಬೆಳೆಯುವವರೆಗಿನ ಮಧ್ಯಮ ಅವಧಿ ಮಾತ್ರೆಯೊಂದರಲ್ಲಿ 8 ತಿಂಗಳು, ಎರಡೂ ಸೇರಿದಾಗ 16. ತೀವ್ರ ಅಡ್ಡಪರಿಣಾಮ ಮಾತ್ರ ನೂರಕ್ಕೆ 25ರಿಂದ 51ಕ್ಕೆ ಏರಿತು. ಎರಡೂ ಸಂಖ್ಯೆಯನ್ನು ಒಟ್ಟಿಗೆ ಇಟ್ಟು ನೋಡಬೇಕು. ಓಡಾಡುತ್ತಿರುವ 50 ವರ್ಷದವರಿಗೆ ಎಂಟು ತಿಂಗಳ ಹೆಚ್ಚುವರಿಗಾಗಿ ಕೀಮೋ ತಡೆದುಕೊಳ್ಳುವುದು ಸರಿ ಎನಿಸಬಹುದು. ಹಾಸಿಗೆಯಲ್ಲೇ ಇರುವ 80ರವರಿಗೆ ಮಾತ್ರೆಯೊಂದೇ ಸಾಕು. ಒಸಿಮೆರ್ಟಿನಿಬ್‌ನಲ್ಲೂ ಇದೇ ಚಿತ್ರ: ಒಂದೇ ಆದರೆ 16.7 ತಿಂಗಳು, ಕೀಮೋ ಸೇರಿದರೆ 25.5.

ಹಣದ ಲೆಕ್ಕ ಮೊದಲ ದಿನವೇ

ಒಂದು ಡೋಸ್ ಬೆಲೆ ಕೇಳಿ ನಿರ್ಧರಿಸಬೇಡಿ, ಪೂರ್ತಿ ಕೋರ್ಸ್ ಬೆಲೆ ಕೇಳಿ. ಟ್ರಾಸ್ಟುಜುಮ್ಯಾಬ್ ಮೂರು ವಾರಕ್ಕೊಮ್ಮೆ ಒಂದು ವರ್ಷ ಎಂದರೆ 17–18 ಡೋಸ್. ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದರ ಬಯೋಸಿಮಿಲರ್ (ಮೂಲ ಔಷಧಿಗೆ ಸರಿಸಮವಾದ ಇನ್ನೊಂದು ಕಂಪನಿಯ ತಯಾರಿ) ಅನ್ನು ಕ್ಯಾನ್‌ಮ್ಯಾಬ್ ಹೆಸರಿನಲ್ಲಿ ಹೊರತಂದ ಮೇಲೆ, ಬೇರೆ ಕಂಪನಿಗಳೂ ಬಂದ ಮೇಲೆ ಬೆಲೆ ಇಳಿದಿದೆ. ಅದೇ ಔಷಧಿಗೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಅನುಮತಿಯೂ ಸಿಕ್ಕಿತು. "ಲೋಕಲ್ ಬ್ರ್ಯಾಂಡ್" ಎಂದು ಹಿಂಜರಿಯುವ ಅಗತ್ಯವಿಲ್ಲ. ಒಂದು ವರ್ಷಕ್ಕೆ ದುಡ್ಡು ಸಾಲದಿದ್ದರೆ, ಬ್ರಿಟನ್ನಿನ ಪರ್ಸೆಫೋನ್ ಅಧ್ಯಯನದಲ್ಲಿ ಆರಂಭ ಹಂತದ ರೋಗಿಗಳಲ್ಲಿ ಆರು ತಿಂಗಳ ಕೋರ್ಸ್ ಹೆಚ್ಚುಕಮ್ಮಿ ಅಷ್ಟೇ ಫಲ ಕೊಟ್ಟಿದೆ. ಮೂರು ಡೋಸ್ ಹಾಕಿಸಿ ಸಾಲ ಮಾಡಿ ಸೋತು ನಿಲ್ಲಿಸುವುದಕ್ಕಿಂತ, ಆರು ತಿಂಗಳ ಯೋಜನೆಯನ್ನು ವೈದ್ಯರ ಜೊತೆ ಮೊದಲೇ ಮಾತಾಡಿ.

ಇಮ್ಯಾಟಿನಿಬ್ ವಿಷಯದಲ್ಲಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್‌ನ ಪೇಟೆಂಟ್ ಅರ್ಜಿ ತಳ್ಳಿಹಾಕಿದ್ದರಿಂದ ಜೆನೆರಿಕ್ ಉಳಿಯಿತು. ಸಾವಿರಾರು ಮನೆಗಳು ಆ ತೀರ್ಪಿನಿಂದ ಬದುಕಿವೆ. 2024ರ ಜುಲೈ ಬಜೆಟ್‌ನಲ್ಲಿ ಒಸಿಮೆರ್ಟಿನಿಬ್, ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್, ಡುರ್ವಾಲುಮ್ಯಾಬ್ ಮೇಲಿನ ಆಮದು ಸುಂಕ ತೆಗೆದರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ, ಆದರೆ ಅದು ಪ್ಯಾಕೇಜ್ ಲೆಕ್ಕ. ನಿಮಗೆ ಬರೆದ ಔಷಧಿ ಆ ಪ್ಯಾಕೇಜ್‌ನಲ್ಲಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಮೊದಲ ಡೋಸ್‌ಗೆ ಮುನ್ನ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ. ಕಂಪನಿಗಳ ರೋಗಿ ಸಹಾಯ ಯೋಜನೆಗಳನ್ನೂ ಆಗಲೇ ಕೇಳಿ, ಅರ್ಧ ದಾರಿಯಲ್ಲಿ ಸೇರಿಸಿಕೊಳ್ಳದ ಯೋಜನೆಗಳಿವೆ.

ರಿಪೋರ್ಟ್ ಬರುವ ತನಕ ಕಾಯಲಾಗದಿದ್ದರೆ

ಶ್ವಾಸಕೋಶದ ಕ್ಯಾನ್ಸರಿನಲ್ಲಿ ಎನ್‌ಜಿಎಸ್‌ಗೆ ಮೂರು ವಾರ ಎಂದರೆ, ಉಸಿರಾಡಲು ಕಷ್ಟಪಡುತ್ತಿರುವ ರೋಗಿಗೆ ಅದು ತುಂಬಾ ದೊಡ್ಡ ಅವಧಿ. ಆಗ ಮೊದಲ ಸೈಕಲ್ ಕೀಮೋ ಕೊಟ್ಟು, ರಿಪೋರ್ಟ್ ಬಂದ ಮೇಲೆ ಮಾತ್ರೆಗೆ ಬದಲಿಸುವುದು ಒಪ್ಪಿತ ದಾರಿ. ಆ ಒಂದು ಸೈಕಲ್‌ನಿಂದ ಮುಂದೆ ಮಾತ್ರೆಯ ಫಲವೇನೂ ಕಡಿಮೆಯಾಗುವುದಿಲ್ಲ. ಇಜಿಎಫ್‌ಆರ್ ಮತ್ತು ಎಎಲ್‌ಕೆ ಎರಡನ್ನಾದರೂ ಬೇರೆಯಾಗಿ ಬೇಗ ಮಾಡಿಸಿದರೆ ವಾರದೊಳಗೆ ಅರ್ಧ ಉತ್ತರ ಸಿಗುತ್ತದೆ. ಆದರೆ ಆ ಕಾಯುವ ಅವಧಿಯಲ್ಲಿ ಕೀಮೋ ಜೊತೆ ಇಮ್ಯುನೋಥೆರಪಿ ಸೇರಿಸಲು ಅವಸರ ಬೇಡ. ಅದರ ಪರಿಣಾಮ ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬೆನ್ನಿಗೇ ಒಸಿಮೆರ್ಟಿನಿಬ್ ಶುರು ಮಾಡಿದರೆ ಶ್ವಾಸಕೋಶದ ತೀವ್ರ ಉರಿಯೂತದ ಅಪಾಯ ಏರುತ್ತದೆ. "ಜೀನ್ ರಿಪೋರ್ಟ್ ಬಂದಿಲ್ಲ, ಇಮ್ಯುನೋ ಔಷಧಿಯನ್ನು ಎರಡನೇ ಸೈಕಲ್‌ಗೆ ಇಟ್ಟುಕೊಳ್ಳಬಹುದೇ?" ಎಂದು ವೈದ್ಯರನ್ನು ಕೇಳಿ.